ಧೈರ್ಯ ತುಂಬುವುದು ಬೇರೆ, ತಲೆ ತುಂಬುವುದು ಬೇರೆ

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಈ ಸಲ ವಾರ್ಷಿಕೋತ್ಸವದ ವರದಿಯನ್ನು ಇಂಗ್ಲಿಷ್‌ನಲ್ಲಿ ಬರೆದು ಓದುವ ಕೆಲಸ ನನ್ನ ಪಾಲಿಗೆ ಬಂತು. ಅದರಲ್ಲಿ ‘ವಿ ಇನ್‌ಡಾಕ್ಟ್ರಿನೇಟ್ ಗುಡ್ ವ್ಯಾಲ್ಯೂಸ್ ಇನ್ ಅವರ್ ಚಿಲ್ಡ್ರನ್’ ಎಂದು ಬರೆದಿದ್ದೆ. ವೇದಿಕೆ ಮೇಲಿದ್ದ ಅತಿಥಿಯೊಬ್ಬರು ನಕ್ಕುಬಿಟ್ಟರು. ಆಮೇಲೆ ‘ಅದು ಇನ್‌ಕಲ್ಕೇಟ್ ಆಗಬೇಕಿತ್ತು’ ಎಂದಷ್ಟೇ ಹೇಳಿ ಹೋದರು. ಮನೆಗೆ ಬಂದು ನಿಘಂಟು ತೆಗೆದರೆ ಎರಡಕ್ಕೂ ಹೆಚ್ಚುಕಡಿಮೆ ‘ಬೋಧಿಸು, ಮನಸ್ಸಿನಲ್ಲಿ ನೆಲೆಗೊಳಿಸು’ ಎಂದೇ ಇದೆ. ಹಾಗಾದರೆ ನನ್ನ ತಪ್ಪೇನು? ಇನ್‌ಕಲ್ಕೇಟ್ ಪದವನ್ನು ಸರಿಯಾಗಿ ಬಳಸುವುದು ಹೇಗೆ? ವರದಿ ಇನ್ನೂ ಸ್ಮರಣ ಸಂಚಿಕೆಯಲ್ಲಿ ಅಚ್ಚಾಗಬೇಕಿದೆ.

ಉತ್ತರ: ಮೇಡಂ, ನಕ್ಕವರು ಅಲ್ಲೇ ಎರಡು ನಿಮಿಷ ಕೂತು ಕಾರಣ ಹೇಳಿದ್ದರೆ ಚೆನ್ನಾಗಿತ್ತು. ನಿಮ್ಮ ಪ್ರಶ್ನೆ ನಗುವಂಥದ್ದಲ್ಲ. ಇಂಗ್ಲಿಷ್ ಚೆನ್ನಾಗಿ ಬಲ್ಲವರಿಗೂ ಈ ಎರಡು ಪದಗಳ ನಡುವೆ ಗೆರೆ ಎಲ್ಲಿದೆ ಎಂದು ಕೇಳಿದರೆ ತಡವರಿಸುತ್ತಾರೆ. ನಿಘಂಟು ಹೇಳಿದ್ದು ಸುಳ್ಳಲ್ಲ, ಆದರೆ ಅರ್ಧ ಹೇಳಿ ನಿಲ್ಲಿಸಿದೆ. ಉಳಿದರ್ಧವನ್ನು ನಮ್ಮ ಕನ್ನಡದ ಒಂದು ಮಾತಿನಿಂದಲೇ ಶುರು ಮಾಡೋಣ.

‘ತುಂಬು’ ಎನ್ನುವ ಪದ ತೆಗೆದುಕೊಳ್ಳಿ. ಪರೀಕ್ಷೆ ದಿನ ಬೆಳಿಗ್ಗೆ ಒಬ್ಬ ಹುಡುಗಿ ಕೈಕಾಲು ನಡುಗುತ್ತಾ ಬರುತ್ತಾಳೆ. ನೀವು ಪಕ್ಕಕ್ಕೆ ಕರೆದು ನಾಲ್ಕು ಮಾತಾಡುತ್ತೀರಿ. ಆಗ ನೋಡಿದವರು ‘ಟೀಚರ್ ಆ ಹುಡುಗಿಗೆ ಧೈರ್ಯ ತುಂಬಿದರು’ ಎನ್ನುತ್ತಾರೆ. ಇನ್ನೊಂದು ಕಡೆ, ನಿನ್ನೆಯವರೆಗೆ ಎಲ್ಲರ ಜೊತೆ ಚೆನ್ನಾಗಿದ್ದ ಹುಡುಗ ಇದ್ದಕ್ಕಿದ್ದಂತೆ ಒಂದೇ ಮಾತನ್ನು ಹಿಡಿದು ಜಗ್ಗುತ್ತಿದ್ದಾನೆ, ಯಾರು ಏನು ಹೇಳಿದರೂ ಕೇಳುತ್ತಿಲ್ಲ. ಆಗ ಏನೆನ್ನುತ್ತೇವೆ? ‘ಯಾರೋ ಅವನ ತಲೆ ತುಂಬಿದ್ದಾರೆ’ ಎನ್ನುತ್ತೇವೆ, ಅಲ್ವಾ? ಎರಡೂ ಕಡೆ ಕ್ರಿಯಾಪದ ಒಂದೇ. ಆದರೆ ಮೊದಲನೆಯದು ಹೊಗಳಿಕೆ, ಎರಡನೆಯದು ದೂರು. ಮೊದಲನೆಯದರಲ್ಲಿ ತುಂಬಿದ್ದು ಧೈರ್ಯವನ್ನು. ಹುಡುಗಿ ಹುಡುಗಿಯಾಗಿಯೇ ಉಳಿದಳು, ಅವಳಿಗೆ ಏನೋ ಒಂದು ಸಿಕ್ಕಿತು. ಎರಡನೆಯದರಲ್ಲಿ ತುಂಬಿದ್ದು ತಲೆಯನ್ನೇ. ಅಲ್ಲಿ ಹುಡುಗನೇ ಪಾತ್ರೆಯಾಗಿಬಿಟ್ಟ.

ಇಂಗ್ಲಿಷ್‌ನ ಈ ಜೋಡಿಯಲ್ಲೂ ಇದೇ ಆಗಿದೆ. ಇನ್‌ಕಲ್ಕೇಟ್ ಎಂಬ ಕ್ರಿಯಾಪದಕ್ಕೆ ಕರ್ಮ ಒಂದು ವಿಚಾರ, ಒಂದು ಗುಣ, ಒಂದು ಅಭ್ಯಾಸ. ‘ಶಿ ಇನ್‌ಕಲ್ಕೇಟೆಡ್ ಎ ಲವ್ ಆಫ್ ರೀಡಿಂಗ್ ಇನ್ ಹರ್ ಸ್ಟೂಡೆಂಟ್ಸ್’. ಇಲ್ಲಿ ‘ಏನನ್ನು’ ಎಂದು ಕೇಳಿದರೆ ಉತ್ತರ ‘ಓದಿನ ಪ್ರೀತಿಯನ್ನು’. ಮಕ್ಕಳು ‘ಇನ್’ ಆದ ಮೇಲೆ ಬರುತ್ತಾರೆ. ಕನ್ನಡದಲ್ಲಿ ‘ಮಕ್ಕಳಲ್ಲಿ’ ಎಂದು ಸಪ್ತಮಿ ಹಾಕುತ್ತೇವಲ್ಲ, ಸರಿಯಾಗಿ ಹಾಗೇ. ಇನ್‌ಡಾಕ್ಟ್ರಿನೇಟ್ ಪದಕ್ಕೆ ಕರ್ಮ ಮನುಷ್ಯ. ‘ದೆ ಇನ್‌ಡಾಕ್ಟ್ರಿನೇಟೆಡ್ ದ ಬಾಯ್ಸ್’. ‘ಯಾರನ್ನು’ ಎಂದು ಕೇಳಿದರೆ ‘ಹುಡುಗರನ್ನು’. ಯಾವ ವಿಚಾರ ಎಂದು ಹೇಳಲೇಬೇಕಾದರೆ ಆಮೇಲೆ ‘ವಿತ್’ ಅಥವಾ ‘ಇನ್‌ಟು’ ಹಾಕಿ ಸೇರಿಸುತ್ತಾರೆ. ಹಾಗಾಗಿ ನಿಮ್ಮ ವಾಕ್ಯದಲ್ಲಿ ಎರಡು ಎಡವಟ್ಟು ಒಟ್ಟಿಗೆ ಆಗಿವೆ. ಪದ ತಪ್ಪಿತು. ಜೊತೆಗೆ, ಆ ಪದಕ್ಕೆ ಹೊಂದದ ವಾಕ್ಯರಚನೆಯೂ ಬಂತು, ಏಕೆಂದರೆ ರಚನೆ ಮಾತ್ರ ಇನ್‌ಕಲ್ಕೇಟ್‌ಗೆ ಸರಿಹೊಂದುವಂಥದ್ದು. ನಿಮ್ಮ ಮನಸ್ಸಿನಲ್ಲಿ ಇದ್ದದ್ದು ಸರಿಯಾದ ಪದವೇ. ಬಾಯಿಗೆ ಬರುವಾಗ ಅದರ ನೆರೆಮನೆಯದು ಬಂತು.

ಇನ್ನು ಇನ್‌ಕಲ್ಕೇಟ್ ಪದದ ಹೊಟ್ಟೆಯೊಳಗೆ ಏನಿದೆ ನೋಡೋಣ. ಇದು 16ನೇ ಶತಮಾನದಲ್ಲಿ ಲ್ಯಾಟಿನ್‌ನಿಂದ ಇಂಗ್ಲಿಷ್‌ಗೆ ಬಂತು. ಲ್ಯಾಟಿನ್‌ನಲ್ಲಿ ‘ಕಾಲ್ಕ್ಸ್’ ಎಂದರೆ ಹಿಮ್ಮಡಿ. ‘ಕಲ್ಕಾರೆ’ ಎಂದರೆ ಹಿಮ್ಮಡಿಯಿಂದ ತುಳಿ. ರೋಮನ್ನರು ದ್ರಾಕ್ಷಿ ತುಳಿಯುವುದಕ್ಕೂ ಇದೇ ಮಾತು ಬಳಸುತ್ತಿದ್ದರು. ಅದಕ್ಕೆ ‘ಒಳಗೆ’ ಎನ್ನುವ ‘ಇನ್’ ಸೇರಿ, ತುಳಿದು ತುಳಿದು ಒಳಗೆ ಇಳಿಸು ಎಂಬ ಅರ್ಥ ಬಂತು. ಹಿಮ್ಮಡಿ ನೋವೆಂದು ಮೂಳೆ ಡಾಕ್ಟರ ಹತ್ತಿರ ಹೋದವರು ಎಕ್ಸ್‌ರೇ ರಿಪೋರ್ಟಿನಲ್ಲಿ ‘ಕ್ಯಾಲ್ಕೇನಿಯಲ್ ಸ್ಪರ್’ ಎಂದು ಓದಿರುತ್ತಾರೆ. ಹಿಮ್ಮಡಿ ಮೂಳೆಯ ಹೆಸರೇ ಕ್ಯಾಲ್ಕೇನಿಯಸ್. ಅದೇ ಬೇರು. ಆದರೆ ಕ್ಯಾಲ್ಕುಲೇಟ್, ಕ್ಯಾಲ್ಸಿಯಂ ಪದಗಳನ್ನು ಇದೇ ಗುಂಪಿಗೆ ಸೇರಿಸಬೇಡಿ. ಅವು ಸುಣ್ಣದ ಕಲ್ಲು ಎಂಬ ಅರ್ಥದ ಇನ್ನೊಂದು ‘ಕಾಲ್ಕ್ಸ್’ನಿಂದ ಬಂದವು. ಹೆಸರು ಒಂದೇ, ಮನೆತನ ಬೇರೆ.

ತುಳಿಯುವುದು ಎಂದ ಕೂಡಲೇ ನಮಗೆ ದಬ್ಬಾಳಿಕೆ ನೆನಪಾಗುತ್ತದೆ. ಸ್ವಲ್ಪ ತಾಳಿ. ನಮ್ಮೂರಲ್ಲಿ ನಮ್ಮ ಮನೆಗೆ ಎರಡು ಮನೆ ಆಚೆ ಕುಂಬಾರರ ಮನೆ ಇತ್ತು. ಬೇಸಿಗೆ ರಜೆಯಲ್ಲಿ ನಾನು ಅಲ್ಲೇ ಇರುತ್ತಿದ್ದೆ. ಕೆರೆಯಿಂದ ತಂದ ಮಣ್ಣನ್ನು ಅಜ್ಜ ಹಿಂದಿನ ದಿನವೇ ನೀರು ಹಾಕಿ ನೆನೆಸಿರುತ್ತಿದ್ದರು. ಬೆಳಿಗ್ಗೆ ಪಂಚೆ ಎತ್ತಿ ಕಟ್ಟಿ ಅದರ ಮೇಲೆ ನಿಲ್ಲುತ್ತಿದ್ದರು. ಹಿಮ್ಮಡಿ ಊರಿ, ಒಂದು ಅಂಚಿನಿಂದ ಸುತ್ತು ಹಾಕುತ್ತಾ ನಡುವಿನವರೆಗೆ ಬರುತ್ತಿದ್ದರು. ಮತ್ತೆ ಅಂಚಿಗೆ ಹೋಗಿ ಅದೇ ದಾರಿ. ತುಳಿದ ಜಾಗವನ್ನೇ ಮತ್ತೆ ತುಳಿಯುತ್ತಿದ್ದರು. ನಡುವೆ ಗಕ್ಕನೆ ನಿಂತು, ಕಾಲಿನ ಹೆಬ್ಬೆರಳಲ್ಲಿ ಏನನ್ನೋ ಕೆದಕಿ, ಬಗ್ಗಿ ಒಂದು ಸಣ್ಣ ಕಲ್ಲು ತೆಗೆದು ಆಚೆ ಎಸೆಯುತ್ತಿದ್ದರು. ಕಣ್ಣಿಗೆ ಕಾಣದ ಹರಳು ಅವರ ಅಂಗಾಲಿಗೆ ಸಿಗುತ್ತಿತ್ತು. ಅದು ಒಳಗೇ ಉಳಿದರೆ ಮಡಕೆ ಆವಿಗೆಯಲ್ಲಿ ಬಿರಿಯುತ್ತದೆ. ನಾನೂ ತುಳಿಯುತ್ತೇನೆ ಎಂದು ಹಟ ಮಾಡಿ ಇಳಿದರೆ, ಹತ್ತು ನಿಮಿಷಕ್ಕೆ ಕಾಲು ಸೋತು ಹೋಗುತ್ತಿತ್ತು. ನಿಮ್ಮ ಕಡೆ ಗೋಡೆಗೆ, ಮಾಳಿಗೆಗೆ ಮಣ್ಣು ತುಳಿಯುವುದನ್ನು ನೀವೂ ನೋಡಿರುತ್ತೀರಿ.

ಇನ್‌ಕಲ್ಕೇಟ್ ಎಂದಾಗಲೆಲ್ಲ ನನಗೆ ಕಾಣುವುದು ಆ ಅಜ್ಜನ ಕಾಲು. ಈ ಪದದಲ್ಲಿ ಮೂರು ಸಂಗತಿ ಸೇರಿಕೊಂಡಿವೆ. ಒಂದೇ ಸಲಕ್ಕೆ ಆಗುವ ಕೆಲಸವಲ್ಲ, ಮತ್ತೆ ಮತ್ತೆ ಮಾಡಬೇಕು. ಮಾಡುವವರು ತಮ್ಮ ಭಾರ ಹಾಕಬೇಕು, ಬರೀ ಹೇಳಿ ಹೋದರೆ ಆಗದು. ಕೊನೆಗೆ ಒಳಗೆ ಇಳಿದದ್ದು ಅಲ್ಲೇ ಉಳಿಯಬೇಕು. ಹಾಗಾಗಿ ಒಂದು ದಿನದ ಭಾಷಣಕ್ಕೆ ಇನ್‌ಕಲ್ಕೇಟ್ ಎನ್ನಬಾರದು. ‘ನಿನ್ನೆ ಬಂದ ಅತಿಥಿಗಳು ಮಕ್ಕಳಲ್ಲಿ ಶಿಸ್ತನ್ನು ಇನ್‌ಕಲ್ಕೇಟ್ ಮಾಡಿದರು’ ಎಂದರೆ ಪದ ಒಪ್ಪುವುದಿಲ್ಲ. ಮಗ್ಗಿ ಕಲಿಸುವುದಕ್ಕೂ ಈ ಪದ ಬೇಡ, ಅಲ್ಲಿ ‘ಟೀಚ್’ ಸಾಕು. ಅಭ್ಯಾಸ, ಗುಣ, ಮನೋಭಾವ, ನಂಬಿಕೆ ಇಂಥವುಗಳಿಗೆ ಮಾತ್ರ ಇದು. ಕನ್ನಡದಲ್ಲಿ ‘ಬೋಧಿಸು’ ಎಂದರೆ ಹತ್ತಿರವೂ ಬರುವುದಿಲ್ಲ. ‘ರೂಢಿಸು’, ‘ಮೈಗೂಡಿಸು’, ‘ಮನಸ್ಸಿಗೆ ನಾಟಿಸು’ ಎಂದರೆ ಸರಿ.

ಮೂರು ಪದಕ್ಕೂ ‘-ಇಸು’ ಬಂದದ್ದು ಗಮನಿಸಿದಿರಾ? ಅದನ್ನು ಸುಮ್ನೆ ಹಾಕಿದ್ದಲ್ಲ. ನಮ್ಮವರು ಇನ್‌ಕಲ್ಕೇಟ್ ಬಳಸುವಾಗ ಅತಿ ಜಾಸ್ತಿ ಮಾಡುವ ತಪ್ಪು ಇಲ್ಲೇ ಇದೆ. ‘ಸ್ಟೂಡೆಂಟ್ಸ್ ಶುಡ್ ಇನ್‌ಕಲ್ಕೇಟ್ ಗುಡ್ ಹ್ಯಾಬಿಟ್ಸ್’ ಎಂದು ಬರೆಯುತ್ತಾರೆ. ಹೇಳಬೇಕೆಂದಿರುವುದು ‘ವಿದ್ಯಾರ್ಥಿಗಳು ಒಳ್ಳೆಯ ಅಭ್ಯಾಸ ರೂಢಿಸಿಕೊಳ್ಳಬೇಕು’ ಎಂದು. ಆದರೆ ಇಂಗ್ಲಿಷ್ ವಾಕ್ಯದ ಅರ್ಥ ‘ವಿದ್ಯಾರ್ಥಿಗಳು ಬೇರೆ ಯಾರಲ್ಲೋ ಒಳ್ಳೆಯ ಅಭ್ಯಾಸ ರೂಢಿಸಬೇಕು’ ಎಂದಾಗುತ್ತದೆ. ಕನ್ನಡದಲ್ಲಿ ನಾವು ‘ಬೆಳೆಸು’ ಮತ್ತು ‘ಬೆಳೆಸಿಕೊಳ್ಳು’ ಎಂದು ಎಷ್ಟು ಸಲೀಸಾಗಿ ಬೇರೆ ಮಾಡುತ್ತೇವೆ. ‘ಕೊಳ್ಳು’ ಬಂತೆಂದರೆ ಕೆಲಸದ ಫಲ ಮಾಡಿದವರಿಗೇ. ಇನ್‌ಕಲ್ಕೇಟ್‌ನಲ್ಲಿ ಈ ‘ಕೊಳ್ಳು’ ಇಲ್ಲ. ತುಳಿಯುವವರು ಒಬ್ಬರು, ಮಣ್ಣು ಇನ್ನೊಬ್ಬರು. ‘ಕೊಳ್ಳು’ ಬೇಕಾದ ಕಡೆ ಇಂಗ್ಲಿಷ್‌ನಲ್ಲಿ ‘ಡೆವಲಪ್’ ಅಥವಾ ‘ಕಲ್ಟಿವೇಟ್’ ಬರೆಯಿರಿ.

ಇದರ ತಲೆಕೆಳಗಾದ ತಪ್ಪೂ ಒಂದಿದೆ. ‘ಟೀಚರ್ಸ್ ಶುಡ್ ಇಂಬೈಬ್ ವ್ಯಾಲ್ಯೂಸ್ ಇನ್ ಸ್ಟೂಡೆಂಟ್ಸ್’ ಎಂಬ ವಾಕ್ಯವನ್ನು ನಾನು ಎಷ್ಟೋ ವರದಿಗಳಲ್ಲಿ ತಿದ್ದಿದ್ದೇನೆ. ಇಂಬೈಬ್ ಎಂದರೆ ಕುಡಿ, ಹೀರಿಕೋ. ಕುಡಿಯುವುದು ಮಕ್ಕಳ ಕೆಲಸ, ಶಿಕ್ಷಕರದ್ದಲ್ಲ. ಶಿಕ್ಷಕರು ಇನ್‌ಕಲ್ಕೇಟ್ ಮಾಡುತ್ತಾರೆ, ಮಕ್ಕಳು ಇಂಬೈಬ್ ಮಾಡುತ್ತಾರೆ. ಈ ಒಂದು ಜೋಡಿ ನೆನಪಿಟ್ಟುಕೊಂಡರೆ ಎರಡು ತಪ್ಪೂ ತಾನಾಗಿ ಹೋಗುತ್ತವೆ.

ಪದದ ಹಿಂದೆ ಮುಂದೆ ಬರುವ ಪುಟ್ಟ ಪದಗಳ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಇನ್‌ಕಲ್ಕೇಟ್ ಆದ ಮೇಲೆ ಗುಣ, ಆಮೇಲೆ ‘ಇನ್’ ಅಥವಾ ‘ಇನ್‌ಟು’, ಆಮೇಲೆ ಜನ. ‘ಇನ್‌ಕಲ್ಕೇಟ್ ದ ಸ್ಟೂಡೆಂಟ್ಸ್ ಗುಡ್ ಹ್ಯಾಬಿಟ್ಸ್’ ಎಂದು ನಡುವಿನ ಪದ ನುಂಗಬಾರದು. ‘ಇನ್‌ಕಲ್ಕೇಟ್ ದ ಸ್ಟೂಡೆಂಟ್ಸ್ ವಿತ್ ಗುಡ್ ಹ್ಯಾಬಿಟ್ಸ್’ ಎಂಬ ರೂಪವನ್ನು ಇಂದಿನ ನಿಘಂಟುಗಳು ಒಪ್ಪುತ್ತವೆ. ಹಿಂದಿನ ಕಾಲದ ಬಳಕೆ ಕೈಪಿಡಿಗಳು ಒಪ್ಪುತ್ತಿರಲಿಲ್ಲ. ನನ್ನ ಕಿವಿಗೂ ಅದು ಒಗ್ಗುವುದಿಲ್ಲ. ನೀವು ಮೊದಲ ದಾರಿಯಲ್ಲೇ ನಡೆಯಿರಿ. ಉಚ್ಚಾರಣೆಯಲ್ಲಿ ಮೊದಲ ‘ಇನ್’ ಮೇಲೆ ಒತ್ತು ಕೊಡಿ. ಅಮೆರಿಕದವರು ಕೆಲವೊಮ್ಮೆ ‘ಕಲ್’ ಮೇಲೆ ಒತ್ತುತ್ತಾರೆ. ಎರಡೂ ಸರಿ.

ಇದೇ ಬೀದಿಯಲ್ಲಿ ಇನ್ನೊಂದು ಪದವಿದೆ, ಇನ್‌ಸ್ಟಿಲ್. ನನಗೆ ಇದರ ಮೇಲೆ ಸ್ವಲ್ಪ ಹೆಚ್ಚು ಪ್ರೀತಿ. ಲ್ಯಾಟಿನ್‌ನಲ್ಲಿ ‘ಸ್ಟಿಲ್ಲಾ’ ಎಂದರೆ ಹನಿ. ಇನ್‌ಸ್ಟಿಲ್ ಎಂದರೆ ಹನಿಹನಿಯಾಗಿ ಒಳಗೆ ಬಿಡು. ಈ ಮೂಲ ಅರ್ಥ ಇವತ್ತಿಗೂ ಬದುಕಿದೆ. ಕಣ್ಣಿನ ಹನಿ ಔಷಧಿಯ ಚೀಟಿಯಲ್ಲಿ ‘ಇನ್‌ಸ್ಟಿಲ್ ಟೂ ಡ್ರಾಪ್ಸ್’ ಎಂದೇ ಬರೆಯುತ್ತಾರೆ. ಕಣ್ಣಿಗೆ ಹನಿ ಬಿಡುವಾಗ ನಾವು ಹೇಗೆ ಬಿಡುತ್ತೇವೆ? ತಲೆ ಹಿಂದಕ್ಕೆ ಬಾಗಿಸಿ, ಕೆಳಗಿನ ರೆಪ್ಪೆಯನ್ನು ಬೆರಳ ತುದಿಯಲ್ಲಿ ಎಳೆದು, ಉಸಿರು ಬಿಗಿಹಿಡಿದು ಒಂದೊಂದೇ ಹನಿ. ಅವರು ಕಣ್ಣು ಮುಚ್ಚಿಕೊಂಡರೆ ನಮ್ಮ ಕೆಲಸ ಆಗುವುದೇ ಇಲ್ಲ. ಆತ್ಮವಿಶ್ವಾಸ, ಭರವಸೆ, ಗೌರವ, ಭಯ ಇಂಥ ಭಾವನೆಗಳ ಜೊತೆ ಇಂಗ್ಲಿಷ್‌ನವರು ಸಾಮಾನ್ಯವಾಗಿ ಇನ್‌ಸ್ಟಿಲ್ ಬಳಸುತ್ತಾರೆ. ನಮ್ಮ ‘ಧೈರ್ಯ ತುಂಬು’ಗೆ ಸರಿಯಾದ ಜೋಡಿ ಇದೇ. ಬ್ರಿಟಿಷರು ಕೊನೆಯಲ್ಲಿ ಒಂದು ‘ಎಲ್’ ಬರೆಯುತ್ತಾರೆ, ಅಮೆರಿಕನ್ನರು ಎರಡು. ಇಂಬ್ಯೂ ಎಂಬ ಇನ್ನೊಂದಿದೆ. ಬಟ್ಟೆ ಬಣ್ಣದಲ್ಲಿ ನೆನೆದ ಹಾಗೆ ನೆನೆಸುವುದು. ಅದು ಹೆಚ್ಚಾಗಿ ಬರಹದಲ್ಲೇ ಬರುವ ಪದ, ನಿಮ್ಮ ವರದಿಗೆ ಬೇಕಾಗಿಲ್ಲ.

ಈಗ ಇನ್‌ಡಾಕ್ಟ್ರಿನೇಟ್‌ಗೆ ಬರೋಣ. ಹುಟ್ಟಿನಲ್ಲಿ ಇದು ಕೆಟ್ಟ ಪದವಲ್ಲ. ಲ್ಯಾಟಿನ್‌ನ ‘ಡೊಕೇರೆ’ ಎಂದರೆ ಕಲಿಸು. ಡಾಕ್ಟರ್ ಎಂದರೆ ಮೊದಲು ಗುರು ಎಂದೇ ಅರ್ಥ ಇತ್ತು. ಡಾಕ್ಟ್ರಿನ್ ಎಂದರೆ ಕಲಿಸಿದ ತತ್ವ. 17ನೇ ಶತಮಾನದಲ್ಲಿ ಇನ್‌ಡಾಕ್ಟ್ರಿನೇಟ್ ಎಂದರೆ ಬರೀ ಪಾಠ ಹೇಳು ಎಂದೇ. ಹಳೆಯ ಪುಸ್ತಕಗಳಲ್ಲಿ ಆ ಒಳ್ಳೆಯ ಅರ್ಥ ಈಗಲೂ ಸಿಗುತ್ತದೆ. ವಿಮಾನ ಕಂಪನಿಗಳಲ್ಲಿ ಹೊಸದಾಗಿ ಸೇರಿದ ಪೈಲಟ್‌ಗಳಿಗೆ ಕೊಡುವ ಮೊದಲ ತರಬೇತಿಗೆ ಅಮೆರಿಕದಲ್ಲಿ ‘ಬೇಸಿಕ್ ಇನ್‌ಡಾಕ್ಟ್ರಿನೇಶನ್’ ಎಂದೇ ಹೆಸರು, ಬಾಯಿಮಾತಿನಲ್ಲಿ ‘ಇನ್‌ಡಾಕ್’. ಅಲ್ಲಿ ಯಾರೂ ತಪ್ಪು ತಿಳಿಯುವುದಿಲ್ಲ. ಆದರೆ 20ನೇ ಶತಮಾನದಲ್ಲಿ ಜಗತ್ತು ಕಂಡದ್ದು ಈ ಪದದ ಬಣ್ಣವನ್ನೇ ಬದಲಿಸಿತು. ಈಗ ಸಾಮಾನ್ಯ ಮಾತಿನಲ್ಲಿ ಇದರ ಅರ್ಥ, ಪ್ರಶ್ನೆ ಕೇಳಲು ಬಿಡದೆ ಒಂದೇ ನಂಬಿಕೆಯನ್ನು ತಲೆಗೆ ತುಂಬುವುದು.

ಏನಾಯಿತು ಎಂಬುದಕ್ಕೆ ಒಂದೇ ಒಂದು ಲೆಕ್ಕ ಹೇಳುತ್ತೇನೆ. ನೀವು ಸಮಾಜ ವಿಜ್ಞಾನದವರು, ನಿಮಗೆ ಇದು ಬೇಕಾಗುತ್ತದೆ. 1930ರ ದಶಕದಲ್ಲಿ, ನಾಜಿ ಆಡಳಿತದ ಜರ್ಮನಿಯಲ್ಲಿ, ಶಾಲೆಯ ಗಣಿತ ಪುಸ್ತಕದಲ್ಲಿ ಇಂಥ ಲೆಕ್ಕ ಇತ್ತು: ಮಾನಸಿಕ ರೋಗಿಗಳ ಆಸ್ಪತ್ರೆ ಕಟ್ಟಲು 60 ಲಕ್ಷ ಮಾರ್ಕ್ ಬೇಕು. ಒಂದಕ್ಕೆ 15,000 ಮಾರ್ಕ್‌ನಂತೆ ಆ ಹಣದಲ್ಲಿ ಎಷ್ಟು ಮನೆ ಕಟ್ಟಬಹುದಿತ್ತು? ಮಗು ಭಾಗಾಕಾರ ಮಾಡುತ್ತದೆ. ಉತ್ತರ 400. ಮೇಷ್ಟ್ರು ಸರಿ ಗುರುತು ಹಾಕುತ್ತಾರೆ. ಲೆಕ್ಕದಲ್ಲಿ ಎಲ್ಲೂ ಸುಳ್ಳಿಲ್ಲ. ಆದರೆ ಆ ಮಗುವಿನ ತಲೆಯೊಳಗೆ ಇಳಿದದ್ದು 400 ಎಂಬ ಸಂಖ್ಯೆಯಲ್ಲ. ‘ಈ ಜನ ಇಲ್ಲದಿದ್ದರೆ 400 ಸಂಸಾರಕ್ಕೆ ಮನೆ ಸಿಗುತ್ತಿತ್ತು’ ಎಂಬ ಮಾತು. ಆ ಮಾತನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದರೆ ಮಗು ‘ಯಾಕೆ?’ ಎಂದು ಕೇಳಬಹುದಿತ್ತು, ‘ನಮ್ಮ ದೊಡ್ಡಪ್ಪನೂ ಅಲ್ಲೇ ಇದ್ದಾರಲ್ಲ’ ಎನ್ನಬಹುದಿತ್ತು. ಭಾಗಾಕಾರದ ಒಳಗೆ ಮುಚ್ಚಿಟ್ಟದ್ದರಿಂದ ಕೇಳಲು ಜಾಗವೇ ಉಳಿಯಲಿಲ್ಲ. 1939ರಲ್ಲಿ ಅದೇ ಆಡಳಿತ ಮಾನಸಿಕ ರೋಗಿಗಳನ್ನು, ಅಂಗವಿಕಲರನ್ನು ಕೊಲ್ಲುವ ಕಾರ್ಯಕ್ರಮ ಶುರು ಮಾಡಿತು. 1941ರ ಆಗಸ್ಟ್ ಹೊತ್ತಿಗೆ 70,000ಕ್ಕೂ ಹೆಚ್ಚು ಜನರ ಜೀವ ಹೋಗಿತ್ತು.

ಇನ್‌ಡಾಕ್ಟ್ರಿನೇಟ್ ಎಂಬ ಪದ ಕಿವಿಗೆ ಬಿದ್ದಾಗ ಇಂಗ್ಲಿಷ್ ಬಲ್ಲವರಿಗೆ ಹಿಂದೆ ಎಲ್ಲೋ ಈ ನೆರಳು ಕಾಣುತ್ತದೆ. ಶಾಲೆಯ ವರದಿಯಲ್ಲಿ, ಅದೂ ‘ಒಳ್ಳೆಯ ಮೌಲ್ಯ’ಗಳ ಪಕ್ಕದಲ್ಲಿ ಬಂದಾಗ ಅದು ಮುಳ್ಳಿನಂತೆ ಚುಚ್ಚುವುದು ಅದಕ್ಕೇ. ಬ್ರೈನ್‌ವಾಶ್ ಇದಕ್ಕಿಂತ ಒಂದು ಹೆಜ್ಜೆ ಮುಂದೆ. ಅದು ಚೀನೀ ಭಾಷೆಯ ‘ಮಿದುಳು ತೊಳೆ’ ಎಂಬ ಮಾತಿನ ಅನುವಾದ. ಅಮೆರಿಕದ ಪತ್ರಕರ್ತ ಎಡ್ವರ್ಡ್ ಹಂಟರ್ 1950ರಲ್ಲಿ ಬರೆದ ಮೇಲೆ ಇಂಗ್ಲಿಷ್‌ನಲ್ಲಿ ಹರಡಿತು. ಕೊರಿಯಾ ಯುದ್ಧದಲ್ಲಿ ಸೆರೆ ಸಿಕ್ಕ ಅಮೆರಿಕನ್ ಸೈನಿಕರಲ್ಲಿ 21 ಮಂದಿ, ಯುದ್ಧ ನಿಂತ ಮೇಲೂ ತಾಯ್ನಾಡಿಗೆ ಬರುವುದಿಲ್ಲ ಎಂದಾಗ ಈ ಪದ ಮನೆಮಾತಾಯಿತು. ಅದರಲ್ಲಿ ಇದ್ದದ್ದನ್ನು ಅಳಿಸಿ ಹೊಸದು ಬರೆಯುವ ಅರ್ಥ ಇದೆ. ಇನ್‌ಡಾಕ್ಟ್ರಿನೇಟ್‌ಗೆ ಅಳಿಸುವ ಕೆಲಸವೂ ಬೇಕಿಲ್ಲ. ಚಿಕ್ಕ ಮಕ್ಕಳ ಮೇಲೆ ಅದು ಅಷ್ಟು ಸುಲಭವಾಗಿ ನಡೆಯುವುದು ಇದೇ ಕಾರಣಕ್ಕೆ.

ನೀವು ನೇರವಾಗಿ ಕೇಳಿಲ್ಲ, ಆದರೆ ಒಂದು ಅನುಮಾನ ನಿಮಗೆ ಈಗ ಬಂದಿರುತ್ತದೆ. ದಿನವೂ ಪ್ರಾರ್ಥನೆ, ದಿನವೂ ‘ಸುಳ್ಳು ಹೇಳಬೇಡ, ಸಾಲಲ್ಲಿ ನಿಲ್ಲು’. ನಾವು ಮಾಡುವುದೂ ತುಂಬುವುದೇ ಅಲ್ವಾ? ನಾನೂ ಪಾಠ ಹೇಳಿದವನು. ಈ ಅನುಮಾನ ನನಗೂ ಬಹಳ ಕಾಲ ಇತ್ತು. ನಾನು ಕಂಡುಕೊಂಡ ಗುರುತು ಇಷ್ಟೇ. ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ ಎದ್ದು ‘ಮಿಸ್, ಸಾಲಲ್ಲಿ ಯಾಕೆ ನಿಲ್ಲಬೇಕು?’ ಎಂದು ಕೇಳಿದ ಎನ್ನಿ. ನೀವು ‘ಹಿಂದೆ ನಿಂತ ಮುದುಕಿಯ ಸರದಿ ನೀನು ತಿಂದ ಹಾಗಾಗುತ್ತದಲ್ಲಪ್ಪ’ ಎಂದರೆ ಅದು ಇನ್‌ಕಲ್ಕೇಟ್. ಅವನು ಅದಕ್ಕೆ ಎದುರು ಮಾತಾಡಿದರೂ ನಿಮಗೆ ಭಯವಿಲ್ಲ, ಏಕೆಂದರೆ ನಿಮ್ಮ ಮಾತಿಗೆ ಕಾಲಿದೆ, ನಿಲ್ಲುತ್ತದೆ. ‘ಹಾಗೆಲ್ಲ ಕೇಳಬಾರದು, ಕೂತ್ಕೋ’ ಎಂದ ದಿನ ಅದೇ ಪಾಠ ಇನ್‌ಡಾಕ್ಟ್ರಿನೇಟ್ ಕಡೆಗೆ ಜಾರುತ್ತದೆ. ಕಲಿಸುವ ಮಾತು ಒಳ್ಳೆಯದೋ ಕೆಟ್ಟದ್ದೋ ಎಂಬುದರಿಂದ ಪದ ಬದಲಾಗುವುದಿಲ್ಲ. ಒಳ್ಳೆಯ ಮಾತನ್ನೂ ತಲೆಗೆ ತುರುಕಬಹುದು. ಕುಂಬಾರರ ಅಜ್ಜ ಹರಳು ಸಿಕ್ಕಲ್ಲಿ ನಿಲ್ಲುತ್ತಿದ್ದರು, ತುಳಿದು ಮುಚ್ಚುತ್ತಿರಲಿಲ್ಲ. ಮಕ್ಕಳ ‘ಯಾಕೆ’ ಕೂಡ ಅಂಗಾಲಿಗೆ ಸಿಗುವ ಹರಳೇ.

ಎದುರು ಮಾತಾಡುವ ಹುಡುಗನಿಗೂ ಇಂಗ್ಲಿಷ್‌ನಲ್ಲಿ ಇದೇ ಹಿಮ್ಮಡಿಯಿಂದ ಹುಟ್ಟಿದ ಪದವಿದೆ. ರಿಕ್ಯಾಲ್ಸಿಟ್ರಂಟ್. ಹಿಂಗಾಲಲ್ಲಿ ಒದೆಯುವ ಪ್ರಾಣಿಯಿಂದ ಬಂದದ್ದು, ಹೇಳಿದ ಮಾತಿಗೆ ಬಗ್ಗದವನು ಎಂದರ್ಥ. ಬ್ಯಾಂಕ್ ಪರೀಕ್ಷೆಗೆ ಓದುವ ನಿಮ್ಮ ಹಳೆಯ ವಿದ್ಯಾರ್ಥಿಗಳಿಗೆ ಇನ್‌ಕಲ್ಕೇಟ್ ಮತ್ತು ಇದನ್ನು ಜೋಡಿಯಾಗಿ ಹೇಳಿಕೊಡಿ. ಒಂದು ಹಿಮ್ಮಡಿ ತುಳಿಯುತ್ತದೆ, ಇನ್ನೊಂದು ಹಿಮ್ಮಡಿ ತಿರುಗಿ ಒದೆಯುತ್ತದೆ. ಹೀಗೆ ಹೇಳಿದರೆ ಎರಡೂ ಮರೆತು ಹೋಗುವುದಿಲ್ಲ.

ಇನ್ನು ನಿಮ್ಮ ವರದಿ. ಅಚ್ಚಿಗೆ ಹೋಗುವ ಮುಂಚೆ ಒಂದು ಪದ ಬದಲಿಸಿದರೆ ವಾಕ್ಯ ವ್ಯಾಕರಣದಲ್ಲಿ ಸರಿಯಾಗುತ್ತದೆ: ‘ವಿ ಇನ್‌ಕಲ್ಕೇಟ್ ಗುಡ್ ವ್ಯಾಲ್ಯೂಸ್ ಇನ್ ಅವರ್ ಚಿಲ್ಡ್ರನ್’. ಆದರೆ ನನ್ನನ್ನು ಕೇಳಿದರೆ ಅಲ್ಲಿಗೇ ನಿಲ್ಲಬೇಡಿ. ಈ ವಾಕ್ಯ ಶಾಲೆಗಳ ವರದಿಗಳಲ್ಲಿ, ಪ್ರವೇಶದ ಕರಪತ್ರಗಳಲ್ಲಿ ಸವೆದು ಹೋಗಿದೆ. ಯಾವ ಮೌಲ್ಯ, ಏನು ಮಾಡಿ ಕಲಿಸಿದಿರಿ ಎಂಬುದು ಅದರಲ್ಲಿ ಇಲ್ಲ. ನಿಮ್ಮ ಶಾಲೆಯಲ್ಲಿ ಖಂಡಿತ ಏನಾದರೂ ನಡೆಯುತ್ತಿರುತ್ತದೆ. ಶನಿವಾರ ಮಕ್ಕಳು ಲೈಬ್ರರಿ ಪುಸ್ತಕ ಮನೆಗೆ ಒಯ್ದು ಸೋಮವಾರ ಕ್ಲಾಸಿನಲ್ಲಿ ಅದರ ಬಗ್ಗೆ ಮಾತಾಡುತ್ತಾರಾ? ಬಿಸಿಯೂಟದ ತಟ್ಟೆಯಲ್ಲಿ ಅನ್ನ ಬಿಡಬಾರದು ಎಂದು ತಾವೇ ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಾರಾ? ಅದನ್ನೇ ಬರೆಯಿರಿ. ‘ವಿ ಹ್ಯಾವ್ ಟ್ರೈಡ್ ಟು ಇನ್‌ಕಲ್ಕೇಟ್ ದ ಹ್ಯಾಬಿಟ್ ಆಫ್ ರೀಡಿಂಗ್ ಇನ್ ಅವರ್ ಚಿಲ್ಡ್ರನ್’ ಎಂದು ಒಂದು ಸಾಲು, ಅದರ ಕೆಳಗೆ ಲೈಬ್ರರಿಯ ಕೆಲಸ ಎರಡು ಸಾಲು. ‘ಟ್ರೈಡ್ ಟು’ ಇರಲಿ. ಅದು ಪ್ರಾಮಾಣಿಕ ಮಾತು, ಈ ಪದದ ಜೊತೆ ಚೆನ್ನಾಗಿಯೂ ಕೂರುತ್ತದೆ. ಸ್ಮರಣ ಸಂಚಿಕೆಯ ಕರಡು ಬಂದಾಗ ಇನ್‌ಕಲ್ಕೇಟ್‌ನ ಸ್ಪೆಲ್ಲಿಂಗ್ ಒಮ್ಮೆ ನೋಡಿಕೊಳ್ಳಿ. ಅದರಲ್ಲಿ ‘ಸಿ’ ಎರಡು ಸಲ ಬರುತ್ತದೆ, ‘ಕೆ’ ಎಲ್ಲೂ ಇಲ್ಲ. ಡಿಟಿಪಿ ಮಾಡುವವರು ಕಿವಿಯಲ್ಲಿ ಕೇಳಿಸಿದ ಹಾಗೆ ‘ಕೆ’ ಹಾಕಿಬಿಡುವುದುಂಟು.